ಹತ್ತು ಲಕ್ಷ ದಾಟಿದರೆ ಹತ್ತು ಅಂಕ

ನನ್ನ ಫೋನಿನ ವಾಟ್ಸಾಪ್ ಗುಂಪುಗಳ ಲೆಕ್ಕ ಹಿಡಿದು ಹೇಳುವುದಾದರೆ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈಗ ಕವಿಗೋಷ್ಠಿಗಳಿಗಿಂತ ಹೆಚ್ಚಾಗಿ ನಡೆಯುತ್ತಿರುವುದು ಪ್ರಪೋಸಲ್ ಬರೆಯುವ ಕಾರ್ಯಾಗಾರಗಳು. ಆಹ್ವಾನಪತ್ರಿಕೆಯ ಸ್ವರೂಪ ಎಲ್ಲ ಕಡೆಯೂ ಒಂದೇ. ಮೇಲೆ ಮೂರು ಲಾಂಛನ, ನಡುವೆ ‘ಅಧ್ಯಾಪಕರಿಗಾಗಿ ಸಂಶೋಧನಾ ಪ್ರಸ್ತಾವನೆ ರಚನೆ ಹಾಗೂ ಅನುದಾನ ಪಡೆಯುವ ವಿಧಾನಗಳು’ ಎಂಬ ಶೀರ್ಷಿಕೆ, ಅದರ ಕೆಳಗೆ ಕುಲಪತಿಗಳಿಂದ ಹಿಡಿದು ಸಂಚಾಲಕರವರೆಗೆ ಗುಂಡಗೆ ಕತ್ತರಿಸಿದ ಫೋಟೊಗಳು, ಕೊನೆಗೊಂದು ಕ್ಯೂಆರ್ ಕೋಡ್ ಮತ್ತು ‘ಭಾಗವಹಿಸಿದ ಎಲ್ಲರಿಗೂ ಪ್ರಮಾಣಪತ್ರ ನೀಡಲಾಗುವುದು’ ಎಂಬ ಸಾಲು. ಪಿಎಚ್.ಡಿ.ಗೆ ಸೇರಿದ ಮೇಲೆ ಇಂಥ ಐದಾರು ಕಾರ್ಯಾಗಾರಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಅವು ಮಾಡುತ್ತಿರುವುದು ಸಂಶೋಧನೆಗೆ ಉಪಕಾರವಲ್ಲ ಎಂದು ವಾದಿಸುವುದಕ್ಕೇ ಈ ಬರಹ.

ಅನುದಾನ ಬೇಡ ಎನ್ನುವುದು ನನ್ನ ವಾದವಲ್ಲ. ಸಂಶೋಧನೆಗೆ ದುಡ್ಡು ಬೇಕು. ಕನ್ನಡದ ಸಂಶೋಧನೆಗೂ ಬೇಕು. ಬಸ್ಸಿಗೆ ಬೇಕು, ಝೆರಾಕ್ಸಿಗೆ ಬೇಕು, ಮೂರು ದಿನ ಬೇರೆ ಊರಿನ ಗ್ರಂಥಾಲಯದಲ್ಲಿ ಕೂರಬೇಕಾದರೆ ಲಾಡ್ಜಿಗೆ ಬೇಕು. ‘ನಿಮಗೇನ್ರೀ, ಪುಸ್ತಕ ಓದೋದು ತಾನೇ’ ಎಂದು ವಿಜ್ಞಾನ ವಿಭಾಗದವರು ಹೇಳಿದಾಗ ನಗುತ್ತ ಸುಮ್ಮನಾಗುವ ನಮ್ಮ ಮೇಷ್ಟ್ರುಗಳ ಮೇಲೂ ನನಗೆ ಸಿಟ್ಟಿದೆ. ಆ ಪುಸ್ತಕಗಳನ್ನು ಓದಲು ಒಂದು ವರ್ಷ ಬಿಡುವು ಬೇಕು, ಬಿಡುವಿಗೂ ಬೆಲೆಯಿದೆ.

ಮೊದಲು ಒಂದು ಸರಳ ಗಣಿತ. ನೂರು ಜನ ಅರ್ಜಿ ಹಾಕುತ್ತಾರೆ, ಹತ್ತು ಜನಕ್ಕೆ ಹಣ ಸಿಗುತ್ತದೆ ಎಂದುಕೊಳ್ಳಿ. ನೂರೂ ಜನರನ್ನು ಕೂರಿಸಿ ಚೆಂದವಾಗಿ ಅರ್ಜಿ ಬರೆಯುವುದನ್ನು ಕಲಿಸಿದ ಮೇಲೆ ಎಷ್ಟು ಜನಕ್ಕೆ ಸಿಗುತ್ತದೆ? ಹತ್ತೇ ಜನಕ್ಕೆ. ಕೊಡುವವರ ಗಂಟು ದೊಡ್ಡದಾಗದೆ ಕೇಳುವವರ ಮಾತು ಮಾತ್ರ ನಯವಾದರೆ ಆಗುವುದು ಇಷ್ಟೇ: ಮೊದಲು ಒಂದು ವಾರದಲ್ಲಿ ಬರೆಯುತ್ತಿದ್ದ ಅರ್ಜಿಗೆ ಎಲ್ಲರೂ ಒಂದು ತಿಂಗಳು ಕೊಡುತ್ತಾರೆ. ಇದು ಬರೀ ಊಹೆಯಲ್ಲ. ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿಗೆ 2012ರಲ್ಲಿ ಒಂದೇ ಸುತ್ತಿನಲ್ಲಿ ಬಂದ 3,727 ಅರ್ಜಿಗಳನ್ನು ಬರೆಯಲು ಸಂಶೋಧಕರು ಎಷ್ಟು ಸಮಯ ಕೊಟ್ಟಿರಬಹುದು ಎಂದು ಅಲ್ಲಿಯವರೇ ಅಂದಾಜು ಮಾಡಿದರು. ಸುಮಾರು 550 ದುಡಿಮೆಯ ವರ್ಷಗಳು. ಅದರಲ್ಲಿ ಹಣ ಸಿಕ್ಕಿದ್ದು ಶೇ. 20.5ರಷ್ಟು ಅರ್ಜಿಗಳಿಗೆ. ಉಳಿದ ನಾಲ್ಕು ಪಾಲು ದುಡಿಮೆ ಕಪಾಟಿಗೆ ಹೋಯಿತು. ಅರ್ಜಿಗೆ ಹೆಚ್ಚು ಹೊತ್ತು ಕೊಟ್ಟವರಿಗೆ ಹಣ ಸಿಗುವ ಸಾಧ್ಯತೆ ಹೆಚ್ಚಿತೇ ಎಂದೂ ಅವರು ನೋಡಿದರು. ಹೆಚ್ಚಿರಲಿಲ್ಲ.

ಅರ್ಜಿಗಳನ್ನು ಓದುವವರ ಕತೆಯೂ ಅಷ್ಟೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸಲ್ಲಿಸಿದ್ದ 25 ಅರ್ಜಿಗಳನ್ನು 43 ಪರಿಣತರಿಗೆ ಕೊಟ್ಟು ಓದಿಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಒಂದೇ ಅರ್ಜಿಯ ಬಗ್ಗೆ ಇಬ್ಬರು ಪರಿಣತರ ನಡುವೆ ಒಮ್ಮತ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಅಂದರೆ ‘ವಿಮರ್ಶಕರು ಇದನ್ನೇ ನಿರೀಕ್ಷಿಸುತ್ತಾರೆ’ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವ ಸಂಪನ್ಮೂಲ ವ್ಯಕ್ತಿ, ಆ ವಿಮರ್ಶಕರಿಗೇ ಗೊತ್ತಿಲ್ಲದ ಸಂಗತಿಯೊಂದನ್ನು ನಮಗೆ ಹೇಳಿಕೊಡುತ್ತಿದ್ದಾರೆ.

ಇಷ್ಟಾದರೂ ಕಾರ್ಯಾಗಾರಗಳು ಏಕೆ ನಡೆಯುತ್ತವೆ? ಕಾರ್ಯಾಗಾರವೇ ಒಂದು ಫಸಲು, ಅದಕ್ಕೆ. ನ್ಯಾಕ್ ಮಾನದಂಡಗಳಲ್ಲಿ ಸಂಶೋಧನಾ ವಿಧಾನದ ಬಗ್ಗೆ ಐದು ವರ್ಷದಲ್ಲಿ ಎಷ್ಟು ಕಾರ್ಯಾಗಾರ ನಡೆಸಿದಿರಿ ಎಂಬ ಪ್ರಶ್ನೆಯಿದೆ. ಅಧ್ಯಾಪಕರು ಎಷ್ಟು ತರಬೇತಿಗಳಿಗೆ ಹಾಜರಾದರು ಎಂಬ ಪ್ರಶ್ನೆ ಬೇರೆಯೇ ಇದೆ. ನಡೆಸಿದ ಕಾಲೇಜಿಗೆ ಒಂದು ಸಾಲು, ಹಾಜರಾದವರಿಗೆ ಒಂದು ಪ್ರಮಾಣಪತ್ರ, ಬಂದು ಮಾತಾಡಿದವರ ಪರಿಚಯ ಪತ್ರದಲ್ಲಿ ಇನ್ನೊಂದು ಸಾಲು. ಅನುದಾನ ಯಾರಿಗಾದರೂ ಬಂತೇ ಎಂದು ಒಂದು ವರ್ಷದ ನಂತರ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ನಾನು ಒಮ್ಮೆ ಸಂಚಾಲಕರೊಬ್ಬರಲ್ಲಿ, ಕಳೆದ ವರ್ಷದ ಕಾರ್ಯಾಗಾರಕ್ಕೆ ಬಂದಿದ್ದವರಲ್ಲಿ ಎಷ್ಟು ಜನ ಅರ್ಜಿ ಹಾಕಿದರು ಸರ್ ಎಂದು ಕೇಳಿದ್ದೆ. ‘ಫೀಡ್‌ಬ್ಯಾಕ್ ಫಾರಂ ಎಲ್ಲಾ ಫೈಲ್ ಮಾಡಿದೀವಿ’ ಎಂದರು.

ಇದಕ್ಕಿಂತ ಕೆಟ್ಟದ್ದು ಇದರಲ್ಲಿ ಅಡಗಿರುವ ಆರೋಪ. ನಿಮಗೆ ಹಣ ಸಿಗದಿರುವುದು ನಿಮಗೆ ಬರೆಯಲು ಬಾರದ್ದರಿಂದ ಎಂದು ಪ್ರತಿ ಕಾರ್ಯಾಗಾರವೂ ಮೆಲ್ಲಗೆ ಹೇಳುತ್ತದೆ. ನಿಜ ಏನು? 2020–21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಒಟ್ಟು ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. ಅದರಲ್ಲಿ ರಾಜ್ಯ ವಿಶ್ವವಿದ್ಯಾಲಯದ ಭಾಷಾ ವಿಭಾಗಕ್ಕೆ ಬರುವ ಹನಿಯನ್ನು ಹುಡುಕಲು ಭೂತಗನ್ನಡಿ ಬೇಕು. ಹಿಂದೆ ಯುಜಿಸಿಯ ‘ಕಿರು ಸಂಶೋಧನಾ ಯೋಜನೆ’, ‘ಬೃಹತ್ ಸಂಶೋಧನಾ ಯೋಜನೆ’ಗಳಿದ್ದವು. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಮೇಷ್ಟ್ರೂ ಒಂದೆರಡು ಲಕ್ಷಕ್ಕೆ ಅರ್ಜಿ ಹಾಕಿ, ತಮ್ಮ ಸೀಮೆಯ ಸ್ಥಳನಾಮವನ್ನೋ ಜಾತ್ರೆಯನ್ನೋ ಹಿಡಿದು ಕೆಲಸ ಮಾಡುತ್ತಿದ್ದರು. ಆ ವರದಿಗಳೆಲ್ಲ ಚೆನ್ನಾಗಿದ್ದವು ಎನ್ನಲಾರೆ. ಕೆಲವು ಕಾಟಾಚಾರದವು. ಆದರೆ ಕೆಲವನ್ನು ನನ್ನ ಕೆಲಸಕ್ಕೆ ಈಗಲೂ ತೆರೆದು ನೋಡುತ್ತೇನೆ, ಏಕೆಂದರೆ ಆ ಹಳ್ಳಿಗಳಿಗೆ ಬೇರೆ ಯಾರೂ ಹೋಗಿಲ್ಲ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿ 2017ಕ್ಕೆ ಮುಗಿದ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಮುಚ್ಚಿದ ಬಾಗಿಲನ್ನು ಹೇಗೆ ಚೆನ್ನಾಗಿ ತಟ್ಟಬೇಕು ಎಂದು ಈಗ ತರಬೇತಿ ನಡೆಯುತ್ತಿದೆ.

ಇನ್ನು ತರಬೇತಿಯಲ್ಲಿ ಹೇಳಿಕೊಡುವ ವಿಷಯಕ್ಕೆ ಬರೋಣ. ಒಂದು ಪ್ರಸಂಗ ಹೇಳುತ್ತೇನೆ. ಅವರ ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕಾರ್ಯಾಗಾರದ ಎರಡನೆಯ ದಿನ, ಊಟದ ನಂತರದ ಅಧಿವೇಶನದಲ್ಲಿ, ಭಾಗವಹಿಸಿದವರು ತಮ್ಮ ಪ್ರಸ್ತಾವನೆಯನ್ನು ಐದು ನಿಮಿಷದಲ್ಲಿ ಹೇಳಬೇಕಿತ್ತು. ಮಲೆನಾಡಿನ ಕಡೆಯ ಸರ್ಕಾರಿ ಪದವಿ ಕಾಲೇಜೊಂದರ ಕನ್ನಡ ಅಧ್ಯಾಪಕಿಯೊಬ್ಬರು ಎದ್ದು ನಿಂತರು. ಅವರ ಊರಿನ ಹಳೆಯ ಮನೆತನವೊಂದರಲ್ಲಿ ನಲವತ್ತಕ್ಕೂ ಹೆಚ್ಚು ಕಡತಗಳಿವೆ. ಕಡತ ಎಂದರೆ ನಾವೀಗ ಕಚೇರಿಯಲ್ಲಿ ಹೇಳುವ ಫೈಲ್ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಲೆಕ್ಕದ ಪುಸ್ತಕ. ತೇವ ತಗುಲಿದರೆ, ಕೈ ಉಜ್ಜಿದರೆ ಅಳಿಸಿಹೋಗುವ ಬರಹ. ಅವರ ಪ್ರಶ್ನೆ ಹೀಗಿತ್ತು: ಈ ಲೆಕ್ಕಗಳಲ್ಲಿ ಆಳುಗಳ ಹೆಸರು ಹೇಗೆ ಬರುತ್ತದೆ? ಯಾರ ಹೆಸರಿನ ಹಿಂದೆ ಅಪ್ಪನ ಹೆಸರಿದೆ, ಯಾರನ್ನು ಬರೀ ಕೆಲಸದ ಹೆಸರಿನಿಂದ ಬರೆದಿದ್ದಾರೆ, ಯಾರು ಬರೀ ಒಂದು ಸಂಖ್ಯೆ, ಹೆಂಗಸರ ಕೂಲಿ ಯಾರ ಹೆಸರಿನಲ್ಲಿ ಜಮೆಯಾಗುತ್ತದೆ? ಅದಕ್ಕೆ ಅವರು ಕೇಳಿದ್ದು ಒಂದು ಕ್ಯಾಮೆರಾ, ಎರಡು ಬೇಸಿಗೆಯ ಓಡಾಟದ ಖರ್ಚು, ಹಳೆಯ ಕೈಬರಹ ಓದಬಲ್ಲ ಹಿರಿಯರೊಬ್ಬರಿಗೆ ಗೌರವಧನ. ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ.

ಆ ಎರಡು ದಿನಗಳಲ್ಲಿ ನಾನು ಕೇಳಿದ ಏಕೈಕ ನಿಜವಾದ ಸಂಶೋಧನಾ ಪ್ರಶ್ನೆ ಅದು.

ಸಂಪನ್ಮೂಲ ವ್ಯಕ್ತಿ ಒಳ್ಳೆಯವರೇ. ಗದರಲಿಲ್ಲ, ಹೀಗಳೆಯಲಿಲ್ಲ. ‘ಮೇಡಂ, ಒಂದೂ ಎಂಬತ್ತಕ್ಕೆ ಯಾರೂ ತಲೆ ಎತ್ತಿಯೂ ನೋಡಲ್ಲ. ಹನ್ನೆರಡಕ್ಕೆ ಏರಿಸಿ’ ಎಂದರು. ಇಂಪ್ಯಾಕ್ಟ್ ಏನು ಎಂದು ಕೇಳಿದರು. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಯಾವುದಕ್ಕಾದರೂ ಜೋಡಿಸಲು ಸಾಧ್ಯವೇ ನೋಡಿ ಎಂದರು. ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬರನ್ನು ಸಹ ಸಂಶೋಧಕರನ್ನಾಗಿ ಸೇರಿಸಿಕೊಳ್ಳಲು ಹೇಳಿದರು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಪರದೆಯ ಮೇಲೆ ಹೊಸ ಶೀರ್ಷಿಕೆ ಬಂದಿತ್ತು: ‘ಎ ಮಷೀನ್ ಲರ್ನಿಂಗ್ ಫ್ರೇಮ್‌ವರ್ಕ್ ಫಾರ್ ಪ್ರಿಸರ್ವೇಷನ್ ಆಫ್ ಇಂಡಿಜಿನಸ್ ನಾಲೆಜ್ ಸಿಸ್ಟಮ್ಸ್.’ ಸಭಾಂಗಣದಲ್ಲಿ ಚಪ್ಪಾಳೆ. ಆಳುಗಳು ಮಾಯವಾಗಿದ್ದರು. ಹೆಂಗಸರ ಕೂಲಿ ಮಾಯವಾಗಿತ್ತು. ಕಡತ ಎಂಬ ಶಬ್ದವೂ ಮಾಯವಾಗಿತ್ತು.

ಯಂತ್ರಕ್ಕೆ ಕಡತ ಓದಲು ಕಲಿಸುವುದು ಒಳ್ಳೆಯ ಕೆಲಸವೇ. ಆದರೆ ಹಾಗೆ ಕಲಿಸಬೇಕಾದರೆ ಮೊದಲು ಮನುಷ್ಯರು ಓದಿ, ಅಕ್ಷರಕ್ಕೆ ಅಕ್ಷರ ಇಳಿಸಿಕೊಟ್ಟ ಸಾವಿರಾರು ಪುಟಗಳು ಬೇಕು. ಆ ಅಧ್ಯಾಪಕಿ ಎರಡು ಬೇಸಿಗೆಯಲ್ಲಿ ಮಾಡಬೇಕೆಂದಿದ್ದದ್ದು ಅದನ್ನೇ. ಹೊಸ ಪ್ರಸ್ತಾವನೆಯಲ್ಲಿ ಆ ಕೆಲಸಕ್ಕೆ ಜಾಗವಿರಲಿಲ್ಲ. ಸರ್ವರ್‌ಗೆ, ಪರವಾನಗಿಗೆ, ವಿಚಾರ ಸಂಕಿರಣಕ್ಕೆ ಇತ್ತು.

ಈ ಸಲಹೆಗೆ ಸಂಪನ್ಮೂಲ ವ್ಯಕ್ತಿಯನ್ನು ಬಯ್ಯುವುದು ಸುಲಭ. ಅವರು ಗಾಳಿ ಬಂದ ಕಡೆಗೆ ತೂರಿಕೊಳ್ಳಲು ಹೇಳಿದರು, ಅಷ್ಟೇ. ಗಾಳಿ ಬೀಸುತ್ತಿರುವುದು ದೆಹಲಿಯಿಂದ. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಮಾಡಿತು. ಐದು ವರ್ಷಕ್ಕೆ 50,000 ಕೋಟಿ ಎಂದು ಸುದ್ದಿಯಾಯಿತು. ಅದರಲ್ಲಿ ಕೇಂದ್ರ ಸರ್ಕಾರ ಕೊಡುವುದು 14,000 ಕೋಟಿ, ಉಳಿದ 36,000 ಕೋಟಿ ಹೊರಗಿನಿಂದ, ಮುಖ್ಯವಾಗಿ ಖಾಸಗಿಯವರಿಂದ ಬರಬೇಕೆಂಬುದು ನಿರೀಕ್ಷೆ. ಈ ಕಾಯ್ದೆಯಲ್ಲಿ ಮಾನವಿಕಗಳಿಗೂ ಸಮಾಜವಿಜ್ಞಾನಗಳಿಗೂ ಜಾಗವಿದೆ. ಎಲ್ಲಿ? ವಿಜ್ಞಾನ ತಂತ್ರಜ್ಞಾನಗಳ ಜೊತೆ ಅವು ಸಂಧಿಸುವ ಗಡಿಯಲ್ಲಿ. ಅಂದರೆ ಸಾಹಿತ್ಯದ ವಿದ್ಯಾರ್ಥಿ ಆ ಮನೆಯೊಳಗೆ ಬರಬೇಕಾದರೆ ಯಂತ್ರವೊಂದನ್ನು ತಲೆಯ ಮೇಲೆ ಹೊತ್ತು ಬರಬೇಕು. ಸಮಾಜವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್ ಇದೆ, ಇತಿಹಾಸಕ್ಕೆ ಐಸಿಎಚ್‌ಆರ್, ತತ್ತ್ವಶಾಸ್ತ್ರಕ್ಕೆ ಐಸಿಪಿಆರ್. ಭಾಷೆ, ಸಾಹಿತ್ಯಗಳ ಸಂಶೋಧನೆಗೆ ಅಂಥದೊಂದು ಮಂಡಳಿಯಿಲ್ಲ. ಹೀಗಾಗಿ ನಮ್ಮ ಮೇಷ್ಟ್ರುಗಳು ಸದಾ ಇನ್ನೊಬ್ಬರ ಮನೆಯ ಬಟ್ಟೆ ತೊಟ್ಟು ಅರ್ಜಿ ಹಾಕುವವರು. ಕಾರ್ಯಾಗಾರದಲ್ಲಿ ಆ ಬಟ್ಟೆಯನ್ನು ಇಸ್ತ್ರಿ ಮಾಡಿಕೊಡುತ್ತಾರೆ.

ಒಂದೂ ಎಂಬತ್ತನ್ನು ಹನ್ನೆರಡಕ್ಕೆ ಏರಿಸಿ ಎಂದದ್ದರ ಹಿಂದೆಯೂ ಒಂದು ಲೆಕ್ಕವಿದೆ. ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯ ಎರಡನೆಯ ಕೋಷ್ಟಕವನ್ನು ತೆರೆದು ನೋಡಿ. ಹತ್ತು ಲಕ್ಷಕ್ಕಿಂತ ಹೆಚ್ಚಿನ ಸಂಶೋಧನಾ ಯೋಜನೆ ಮುಗಿಸಿದರೆ 10 ಅಂಕ, ಅದಕ್ಕಿಂತ ಕಡಿಮೆಯದಾದರೆ 5. ನಡೆಯುತ್ತಿರುವ ಯೋಜನೆಗೂ ಅದೇ ಗೆರೆ: ಮೇಲಿದ್ದರೆ 5, ಕೆಳಗಿದ್ದರೆ 2. ಅದೇ ಕೋಷ್ಟಕದಲ್ಲಿ ರಾಷ್ಟ್ರೀಯ ಮಟ್ಟದ ಪ್ರಕಾಶಕರಿಂದ ಬಂದ ಒಂದು ಇಡೀ ಪುಸ್ತಕಕ್ಕೆ 10. ಯೋಜನೆಯಿಂದ ಏನು ತಿಳಿಯಿತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ, ಎಷ್ಟು ತಂದಿರಿ ಎಂಬುದಕ್ಕೆ ಇದೆ. ಊಟ ಹೇಗಿತ್ತು ಎಂದು ಕೇಳದೆ ಕಿರಾಣಿ ಅಂಗಡಿಯ ಚೀಟಿ ನೋಡಿ ಅಡುಗೆಯವರಿಗೆ ಬಹುಮಾನ ಕೊಟ್ಟಂತೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೆಲಸ ಮಾಡುವುದು ಇಲ್ಲಿ ದಂಡನಾರ್ಹ. ಭೌತವಿಜ್ಞಾನದವರಿಗೆ ಒಂದು ಉಪಕರಣ ಕೊಂಡರೆ ಹತ್ತು ಲಕ್ಷ ದಾಟುತ್ತದೆ. ನಮಗೆ ಅದನ್ನು ದಾಟಬೇಕಾದರೆ ಸುಳ್ಳು ಹೇಳಬೇಕು, ಇಲ್ಲವೇ ಬೇಡದ ಲ್ಯಾಪ್‌ಟಾಪುಗಳನ್ನು ಕೊಳ್ಳಬೇಕು. ಯಾವ ಕಾರ್ಯಾಗಾರದಲ್ಲೂ ಈ ಕೋಷ್ಟಕದ ಬಗ್ಗೆ ಒಬ್ಬರಾದರೂ ಸಿಟ್ಟಿನಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ಪಿಪಿಟಿಯಲ್ಲಿ ಅದು ‘ಪ್ರೇರಣೆ’ ಎಂಬ ತಲೆಬರಹದಡಿ ಬರುತ್ತದೆ.

ಭಾಷೆಯ ಮಾತು ಎತ್ತದೆ ಮುಂದೆ ಹೋಗಲಾರೆ. ನಾನು ಇದುವರೆಗೆ ಕಂಡ ಅರ್ಜಿ ನಮೂನೆಗಳೆಲ್ಲ ಇಂಗ್ಲಿಷಿನವು, ಹೆಚ್ಚೆಂದರೆ ಪಕ್ಕದಲ್ಲಿ ಹಿಂದಿ. ಕನ್ನಡದ ಕಡತದ ಮೇಲೆ ಕನ್ನಡ ಅಧ್ಯಾಪಕಿ ಮಾಡುವ ಕೆಲಸಕ್ಕೆ, ಕನ್ನಡ ಬಾರದವರೂ ಓದಬಲ್ಲಂತೆ ಅರ್ಜಿ ಬರೆಯಬೇಕು. ಬರೆಯಲಿ, ಅದೇನೂ ಅವಮಾನವಲ್ಲ ಎನ್ನುವವರಿದ್ದಾರೆ. ಅವರಿಗೊಂದು ಶಬ್ದ ಕೊಡುತ್ತೇನೆ: ಒಕ್ಕಲು. ಒಂದು ಕಡೆ ಅದು ಗೇಣಿಗೆ ಉಳುವವ, ಇನ್ನೊಂದು ಕಡೆ ಒಂದು ಸಂಸಾರ, ಮತ್ತೊಂದು ಕಡೆ ದೇವರಿಗೆ ನಡೆದುಕೊಳ್ಳುವ ಮನೆತನ. ಒಂದೇ ಲೆಕ್ಕದ ಪುಸ್ತಕದಲ್ಲಿ ಈ ಮೂರೂ ಅರ್ಥಗಳು ಒಂದರ ಮೇಲೊಂದು ಬಿದ್ದಿರಬಹುದು, ಯಾವುದು ಎಲ್ಲಿ ಎಂದು ಬಿಡಿಸುವುದೇ ಸಂಶೋಧನೆ. ಅರ್ಜಿಯಲ್ಲಿ ಮಾತ್ರ ಕೆಲಸ ಶುರುವಾಗುವುದಕ್ಕೆ ಮೊದಲೇ ಟೆನೆಂಟ್ ಎಂದೋ ಹೌಸ್‌ಹೋಲ್ಡ್ ಎಂದೋ ಒಂದನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡ ಕೂಡಲೇ ಪ್ರಶ್ನೆ ಸತ್ತಿತು. ಇನ್ನು ಆ ಇಂಗ್ಲಿಷಾದರೂ ಇಂಗ್ಲಿಷೇ? ‘ರೋಬಸ್ಟ್’, ‘ಹೋಲಿಸ್ಟಿಕ್’, ‘ಸ್ಟೇಕ್‌ಹೋಲ್ಡರ್ಸ್’. ಈ ಮೂರು ಶಬ್ದಗಳನ್ನು ಒಬ್ಬರು ಬೋರ್ಡಿನ ಮೇಲೆ ಬರೆಸಿ ನಮ್ಮಿಂದ ನಕಲು ಮಾಡಿಸಿದರು. ಈಗ ಚಾಟ್‌ಜಿಪಿಟಿ ಬಂದು ಪ್ರಪೋಸಲ್‌ಗಳೆಲ್ಲ ಒಂದೇ ಥರ ಇವೆ ಎಂದು ಅವರೇ ದೂರುತ್ತಾರೆ. ಯಂತ್ರ ಬರುವ ಮೊದಲೇ ಮನುಷ್ಯರಿಂದ ಯಂತ್ರದ ಗದ್ಯ ಬರೆಸುತ್ತಿದ್ದವರು ಯಾರು?

ರಾತ್ರಿ ಕೂತು ಇದನ್ನೆಲ್ಲ ಟೈಪ್ ಮಾಡುವವರು ಯಾರು ಎಂದೂ ಕೇಳಬೇಕು. ಅಧ್ಯಾಪಕರಿಗೆ ತರಬೇತಿ, ಕೆಲಸ ಸಂಶೋಧನಾ ವಿದ್ಯಾರ್ಥಿಗಳಿಗೆ. ಪೂರ್ವ ಅಧ್ಯಯನಗಳ ಸಮೀಕ್ಷೆ ಬರೆಯುವುದು, ಬಜೆಟ್ಟಿನ ಎಕ್ಸೆಲ್ ಮಾಡುವುದು, ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಪೋರ್ಟಲ್ ತೆರೆಯದಿದ್ದಾಗ ಹತ್ತು ಸಲ ರಿಫ್ರೆಶ್ ಒತ್ತುವುದು ನಾವು. ಜೆಆರ್‌ಎಫ್ ಇರುವವರಿಗೆ ತಿಂಗಳಿಗೆ 37,000 ರೂಪಾಯಿ ಇದೆ, ಸರಿ. ನಮ್ಮಲ್ಲಿ ಬಹಳ ಜನಕ್ಕೆ ಜೆಆರ್‌ಎಫ್ ಇಲ್ಲ. ಬೆಳಿಗ್ಗೆ ಅತಿಥಿ ಉಪನ್ಯಾಸಕರಾಗಿ ಎರಡು ಕಾಲೇಜು ಸುತ್ತಿ, ಸಂಜೆ ಇನ್ನೊಬ್ಬರ ಪ್ರಸ್ತಾವನೆಗೆ ‘ನವೀನತೆ’ ಹುಡುಕುವ ಗೆಳೆಯರಿದ್ದಾರೆ. ಆ ಪ್ರಸ್ತಾವನೆಗೆ ಹಣ ಬಂದರೆ ಅವರು ಅದರಲ್ಲಿ ಪ್ರಾಜೆಕ್ಟ್ ಸಹಾಯಕರಾಗಬಹುದು ಎಂಬ ಆಸೆ ಇರುತ್ತದೆ. ಬಾರದಿದ್ದರೆ ಏನೂ ಇಲ್ಲ, ಹೆಸರೂ ಇಲ್ಲ.

ಹಣ ಬಂತು ಅಂತಲೇ ಇಟ್ಟುಕೊಳ್ಳಿ. ಆಮೇಲಿನ ಕತೆಯನ್ನು ಕಾರ್ಯಾಗಾರ ಹೇಳುವುದೇ ಇಲ್ಲ. ಮಾರ್ಚ್ ಹತ್ತಿರ ಬಂದಂತೆ ಬಳಸದ ಹಣ ವಾಪಸು ಹೋಗುವ ಭಯ, ಬಳಕೆ ಪ್ರಮಾಣಪತ್ರಕ್ಕೆ ಹಣಕಾಸು ವಿಭಾಗದ ಬಾಗಿಲಲ್ಲಿ ನಿಲ್ಲುವುದು. ನನ್ನ ಹಿರಿಯ ಸಹಪಾಠಿಯೊಬ್ಬರು ಜನಪದ ಹಾಡು ಸಂಗ್ರಹಿಸುತ್ತಿದ್ದರು. ಎರಡು ದಿನ ಕೂತು ಹಾಡಿದ ಅಜ್ಜಿಯ ಕೈಗೆ ಐನೂರು ರೂಪಾಯಿ ಇಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ‘ಜಿಎಸ್‌ಟಿ ಬಿಲ್ ಎಲ್ಲಿ?’ ಎಂದು ಕಚೇರಿ ಕೇಳಿತು. ಆ ಐನೂರನ್ನು ಅವರು ಕೈಯಿಂದ ಹಾಕಿದರು. ಇದು ಬರೀ ಗುಮಾಸ್ತರ ತಲೆಹರಟೆಯಲ್ಲ, ಮೇಲಿನವರೆಗೂ ಹೀಗೇ ಇತ್ತು. ಸಂಶೋಧನಾ ಅನುದಾನದ ಮೇಲೆಯೇ ಜಿಎಸ್‌ಟಿ ಕಟ್ಟಿ ಎಂದು ದೊಡ್ಡ ದೊಡ್ಡ ಸಂಸ್ಥೆಗಳಿಗೆ ನೋಟಿಸು ಹೋಗಿ, ಗದ್ದಲವಾಗಿ, 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಕೂತು ವಿನಾಯಿತಿ ಕೊಡಬೇಕಾಯಿತು. ಅಧ್ಯಾಪಕರಿಗೆ ತರಬೇತಿ ಕೊಡುವ ಮೊದಲು ಹಣಕಾಸು ಅಧಿಕಾರಿಗಳನ್ನು ಎರಡು ದಿನ ಕೂರಿಸಿ, ಕ್ಷೇತ್ರಕಾರ್ಯ ಎಂದರೆ ಏನು, ಹಾಡುವವರ ಹತ್ತಿರ ರಸೀದಿ ಪುಸ್ತಕ ಏಕೆ ಇರುವುದಿಲ್ಲ ಎಂದು ಹೇಳಿಕೊಟ್ಟರೆ ಸಂಶೋಧನೆಗೆ ಹೆಚ್ಚು ಲಾಭ. ಅವರಿಗೂ ಪ್ರಮಾಣಪತ್ರ ಕೊಡಿ, ಬೇಡವೆನ್ನುವವರು ಯಾರು.

ಈಗ ನನ್ನ ವಾದದ ಎದುರು ನಿಲ್ಲುವ ಬಲವಾದ ಮಾತೊಂದಿದೆ. ಅದನ್ನು ನನಗೆ ಹೇಳಿದವರು ಕಲಬುರಗಿ ಕಡೆಯ ಗೆಳೆಯರು, ಮನೆತನದಲ್ಲಿ ಮೊದಲ ಪದವೀಧರರು, ಈಗ ಅಧ್ಯಾಪಕರು. ‘ನಿಮಗೆ ಈ ಕಾರ್ಯಾಗಾರ ನಗುವ ವಸ್ತು. ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿ ಇರೋರಿಗೆ ಇದೆಲ್ಲ ಕ್ಯಾಂಟೀನಿನಲ್ಲಿ ಚಹಾ ಕುಡಿತಾ ಗೊತ್ತಾಗ್ತದ. ನಮಗ ಯಾರು ಹೇಳ್ಯಾರ? ಬಜೆಟ್ ಕಾಲಂನಾಗ ಓವರ್‌ಹೆಡ್ ಅಂದ್ರ ಏನಂತ ಮೊದಲ ಸಲ ಅಲ್ಲೇ ಕೇಳಿದ್ದು ನಾನು’ ಎಂದರು. ಇದು ಅಲ್ಲಗಳೆಯಲಾಗದ ಮಾತು. ಬಲ್ಲವರ ನಡುವೆ ಮಾತ್ರ ಓಡಾಡುವ ಗುಟ್ಟನ್ನು ಹೊರಗಿನವರಿಗೆ ತೆರೆದು ಹೇಳುವುದು ನ್ಯಾಯದ ಕೆಲಸ. ಆ ಕೆಲಸ ನಡೆಯಲೇಬೇಕು. ಆದರೆ ಓವರ್‌ಹೆಡ್ ಎಂದರೇನು ಎಂದು ತಿಳಿಯಲು ಎರಡು ಪುಟದ ಕನ್ನಡ ಕೈಪಿಡಿ ಸಾಕು. ಗುಟ್ಟು ಎಂದರೆ ಅದಲ್ಲ. ಒಪ್ಪಿಗೆಯಾದ ಅರ್ಜಿಗಳು ಹೇಗಿದ್ದವು, ತಿರಸ್ಕೃತವಾದವಕ್ಕೆ ವಿಮರ್ಶಕರು ಏನು ಬರೆದರು, ಆಯ್ಕೆ ಸಮಿತಿಯಲ್ಲಿ ಯಾರಿದ್ದರು, ಇದು ಗುಟ್ಟು. ಒಂದೇ ಒಂದು ಕಾರ್ಯಾಗಾರದಲ್ಲಿಯೂ ಹಣ ಪಡೆದ ಅರ್ಜಿಯೊಂದನ್ನು ಮೊದಲಿಂದ ಕೊನೆಯವರೆಗೆ ನಮ್ಮ ಮುಂದೆ ಇಟ್ಟು ಓದಿಸಿದ್ದನ್ನು ನಾನು ನೋಡಿಲ್ಲ. ಕೇಳಿದರೆ ‘ಕಾನ್ಫಿಡೆನ್ಶಿಯಲ್’. ಹಾಗಾದರೆ ಹಂಚುತ್ತಿರುವುದು ಗುಟ್ಟಿನ ಬೀಗದ ಚಿತ್ರವೇ ಹೊರತು ಕೀಲಿಯಲ್ಲ. ನನ್ನ ಗೆಳೆಯರ ಹಕ್ಕು ಕೀಲಿಯ ಮೇಲಿದೆ.

ಇನ್ನೊಂದು ಮಾತು ಕನ್ನಡ ವಿಭಾಗಗಳ ಒಳಗಿನಿಂದಲೇ ಬರುತ್ತದೆ, ನನಗೆ ಅದು ಹೆಚ್ಚು ಅಪಾಯಕಾರಿ ಎನಿಸುತ್ತದೆ. ‘ಹಳಕಟ್ಟಿಯವರು ಯಾವ ಪ್ರಪೋಸಲ್ ಬರೆದಿದ್ದರು?’ ಎನ್ನುವ ಮಾತು. ಬರೆದಿರಲಿಲ್ಲ, ನಿಜ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ, ಊರೂರು ಸುತ್ತಿ ತಾಡವೋಲೆ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಸ್ವಂತ ಮುದ್ರಣಾಲಯ ಹಾಕಲು ಮನೆಯನ್ನೇ ಮಾರಿದರು. ಈ ಕತೆಯನ್ನು ನಾವು ಸಂಭ್ರಮದಿಂದ ಹೇಳುತ್ತೇವೆ. ನನಗೆ ಅದು ಸಂಭ್ರಮವಲ್ಲ, ನಾಡಿಗೇ ನಾಚಿಕೆ. ವಚನಗಳನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯ ಮನೆ ಮಾರಬೇಕಾಗಿ ಬಂತು ಎಂಬುದನ್ನು ಮುಂದಿನವರಿಗೆ ಮಾದರಿಯಾಗಿ ತೋರಿಸುವವರು, ಮಾರಲು ಮನೆಯೇ ಇಲ್ಲದವರ ಮಕ್ಕಳು ಈಗ ಸಂಶೋಧನೆಗೆ ಬಂದಿದ್ದಾರೆ ಎಂಬುದನ್ನು ಮರೆತಿದ್ದಾರೆ. ತ್ಯಾಗ ಮಾಡಬಲ್ಲವರು ಮಾತ್ರ ಸಂಶೋಧನೆ ಮಾಡಲಿ ಎಂದರೆ ಅರ್ಥ ಏನು?

ಕೊಡುವುದು ಹೇಗೆ ಎಂದು ನಮಗೆ ಗೊತ್ತಿಲ್ಲದೆಯೂ ಇಲ್ಲ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ತಂದದ್ದು ಮೈಸೂರು ಸಂಸ್ಥಾನದ ಸಂಬಳದಲ್ಲಿ, ಎರಡು ದಶಕ ಹಿಡಿದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ, ಅದಕ್ಕೂ ಹಿಂದೆ ಚೀಟಿಗಳನ್ನು ಕೂಡಿಸಿದ ವರ್ಷಗಳು ಬೇರೆ. ಇವತ್ತಿನ ನಮೂನೆಯಲ್ಲಿ ಆ ನಿಘಂಟಿಗೆ ಅರ್ಜಿ ಹಾಕಿ ನೋಡಿ. ಅವಧಿ: 24 ತಿಂಗಳು ಮೀರುವಂತಿಲ್ಲ. ಆರನೆಯ ತಿಂಗಳಿನ ಮೈಲಿಗಲ್ಲು: ‘ಅ’ ಅಕ್ಷರ ಮುಕ್ತಾಯ. ನಿರೀಕ್ಷಿತ ಫಲಿತ: ಅರ್ಥಗಳು.

ಆ ‘ನಿರೀಕ್ಷಿತ ಫಲಿತ’ದ ಕಾಲಂ ಬಗ್ಗೆ ಒಬ್ಬ ಹಿರಿಯ ಪ್ರಾಧ್ಯಾಪಕರು ಕಾರ್ಯಾಗಾರದ ನಡುವೆ ಎದ್ದು, ‘ಏನು ಸಿಗುತ್ತೆ ಅಂತ ಮೊದಲೇ ಗೊತ್ತಿದ್ರೆ ಹುಡುಕೋಕೆ ಯಾಕ್ರೀ ಹೋಗ್ಬೇಕು?’ ಎಂದಿದ್ದರು. ಎಲ್ಲರೂ ನಕ್ಕರು. ಸಂಪನ್ಮೂಲ ವ್ಯಕ್ತಿಯೂ ನಕ್ಕು, ಮುಂದಿನ ಸ್ಲೈಡಿಗೆ ಹೋದರು.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಹತ್ತಿರ ದೊಡ್ಡ ಯೋಜನೆಯೇನೂ ಇಲ್ಲ, ಒಂದು ವಿಶ್ವವಿದ್ಯಾಲಯ ನಾಳೆಯೇ ಮಾಡಬಹುದಾದದ್ದು ಮಾತ್ರ ಇದೆ. ವರ್ಷಕ್ಕೆ ನಡೆಯುವ ಇಂಥ ಕಾರ್ಯಾಗಾರಗಳಲ್ಲಿ ಮೂರನ್ನು ನಿಲ್ಲಿಸಿ. ಶಾಲು, ಸ್ಮರಣಿಕೆ, ಬ್ಯಾಗು, ಬ್ಯಾನರು, ಸಂಪನ್ಮೂಲ ವ್ಯಕ್ತಿಗಳ ವಿಮಾನದ ಟಿಕೆಟ್ಟು, ಮೂರರದ್ದೂ ಸೇರಿಸಿ ಒಂದು ಕಡೆ ಇಡಿ. ಅದರಿಂದ ಒಬ್ಬೊಬ್ಬರಿಗೆ ಐವತ್ತು ಸಾವಿರದಂತೆ, ತಮ್ಮ ವಿಶ್ವವಿದ್ಯಾಲಯದ ಮತ್ತು ಅದರ ಕಾಲೇಜುಗಳ ಅಧ್ಯಾಪಕರಿಗೆ ಕೊಡಿ. ಎಷ್ಟು ಜನಕ್ಕೆ ಬಂದರೆ ಅಷ್ಟು ಜನಕ್ಕೆ. ಅತಿಥಿ ಉಪನ್ಯಾಸಕರನ್ನು ಹೊರಗಿಡಬೇಡಿ, ಅರ್ಧಕ್ಕರ್ಧ ಪಾಠ ಮಾಡುವವರು ಅವರೇ ಆಗಿರುವ ಕಾಲೇಜುಗಳಿವೆ. ಅರ್ಜಿ ಎರಡು ಪುಟ, ಕನ್ನಡದಲ್ಲಿಯೂ ಬರೆಯಬಹುದು. ಮೊದಲ ಪುಟದಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಖರ್ಚು. ನಿರೀಕ್ಷಿತ ಫಲಿತದ ಕಾಲಂ ಬೇಡ. ವಿಷಯ ಬಲ್ಲ ಇಬ್ಬರು ಓದಿ, ಇದು ಮಾಡಬಹುದಾದ ಕೆಲಸ ಹೌದೋ ಅಲ್ಲವೋ ಎಂದು ಮಾತ್ರ ಹೇಳಲಿ, ಅಂಕ ಹಾಕಬಾರದು. ಹೌದು ಎಂದವರ ಸಂಖ್ಯೆ ಹಣಕ್ಕಿಂತ ಹೆಚ್ಚಾದರೆ ಚೀಟಿ ಎತ್ತಿ.

ಚೀಟಿ ಎಂದಾಗ ನಮ್ಮ ವಿಭಾಗದಲ್ಲಿ ಒಬ್ಬರು, ಸಂಶೋಧನೆಯೇನು ತಿಂಗಳ ಚೀಟಿ ವ್ಯವಹಾರವೇ ಎಂದು ಸಿಡುಕಿದರು. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ತನ್ನ ಒಂದು ಬಗೆಯ ಅನುದಾನವನ್ನು ಹೀಗೆಯೇ ಹಂಚುತ್ತಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನ 2017ರಲ್ಲಿ ಪ್ರಯೋಗಿಸಿತು. ಮಾನವಿಕಗಳಿಗೂ ಸಮಾಜವಿಜ್ಞಾನಗಳಿಗೂ ಮೀಸಲಾದ ಬ್ರಿಟಿಷ್ ಅಕಾಡೆಮಿ ಸಣ್ಣ ಅನುದಾನಗಳಿಗೆ 2022ರಲ್ಲಿ ಶುರುಮಾಡಿತು. ಅರ್ಹವೆಂದು ಒಪ್ಪಿದ ಎರಡು ಅರ್ಜಿಗಳ ನಡುವೆ ಯಾವುದು ಮೇಲು ಎಂದು ಹೇಳಲು ಪರಿಣತರಿಗೂ ಆಗುವುದಿಲ್ಲ ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ, ಅಷ್ಟೇ. ನಮ್ಮಲ್ಲಿ ಇದಕ್ಕೆ ಇನ್ನೂ ಒಂದು ಲಾಭವಿದೆ. ಯಾರ ಶಿಷ್ಯರು, ಯಾವ ಜಾತಿ, ಯಾರ ಫೋನು ಬಂದಿತ್ತು ಎಂಬುದನ್ನು ಡಬ್ಬಿ ಕೇಳುವುದಿಲ್ಲ. ಹಣ ಪಡೆದವರು ವರ್ಷದ ಕೊನೆಗೆ ತಮಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ವಿಭಾಗದಲ್ಲಿ ಒಂದು ಸಂಜೆ ವಿದ್ಯಾರ್ಥಿಗಳೆದುರು ಮಾತಾಡಲಿ. ಏನೂ ಸಿಗಲಿಲ್ಲ ಎಂದು ಹೇಳುವ ಸ್ವಾತಂತ್ರ್ಯವೂ ಇರಲಿ. ಖರ್ಚಿಗೆ ಕೈಬರಹದ ರಸೀದಿ ಸಾಕು. ಆಡಿಟ್‌ನವರು ಬಂದು ಆಯ್ಕೆ ಹೇಗೆ ಮಾಡಿದಿರಿ ಎಂದು ಕೇಳಿದರೆ ಡಬ್ಬಿಯನ್ನೂ ಚೀಟಿಗಳನ್ನೂ ತೆಗೆದು ಮೇಜಿನ ಮೇಲಿಟ್ಟರಾಯಿತು.